ಜಪಾನ್ ಮತ್ತು ಅಮೆರಿಕದ ಹಾರರ್ ಬಗ್ಗೆ ನನ್ನ ಲಿನೋಕಟ್ ಸರಣಿ: ನಿಮ್ಮ ಅಭಿಪ್ರಾಯ ಬೇಕು

ಮಸಿಕುಡಿಕೆ

ಎಲ್ಲರಿಗೂ ನಮಸ್ಕಾರ. ನಾನು ದೃಶ್ಯಕಲೆ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಪ್ರಿಂಟ್‌ಮೇಕಿಂಗ್ ನನ್ನ ವಿಷಯ. ಕೊನೆಯ ಪ್ರಾಜೆಕ್ಟ್‌ಗೆ ಜಪಾನ್ ಮತ್ತು ಅಮೆರಿಕದ ಹಾರರ್ ತಗೊಂಡಿದ್ದೇನೆ. ಹತ್ತು ಲಿನೋಕಟ್ (ಲಿನೋಲಿಯಂ ಹಾಳೆ ಕೆತ್ತಿ ಒತ್ತುವ ಅಚ್ಚು), ಐದು ಜೋಡಿ, ಎಲ್ಲವೂ ಎ3 ಅಳತೆ. ಕಪ್ಪು ಬಿಳುಪು, ಅದರ ಜೊತೆ ಒಂದು ಕೆಂಪು. ಪ್ರತಿ ಜೋಡಿಯಲ್ಲೂ ಎಡಗಡೆ ಜಪಾನ್, ಬಲಗಡೆ ಅಮೆರಿಕ. ಫೋಟೋಗಳನ್ನು ಹಾಕಿದ್ದೇನೆ, ಕ್ರಮ ಹೀಗಿದೆ.

ಮೊದಲನೆಯದು 'ರಿಂಗು' (1998) ಸಿನಿಮಾದ ದೆವ್ವ ಸದಾಕೋ ಟಿವಿಯಿಂದ ತೆವಳಿಕೊಂಡು ಬರುವುದು, ಪಕ್ಕದಲ್ಲಿ ಅದರ ಅಮೆರಿಕನ್ ರೀಮೇಕ್ 'ದಿ ರಿಂಗ್' (2002) ಸಿನಿಮಾದ ಸಮಾರಾ. ಎರಡನೆಯದು ಹರಿದ ಕಾಗದದ ಲಾಟೀನಿನಿಂದ ಹೊರಗೆ ಬರುವ, ಜಪಾನಿನ ಹಳೆಯ ದೆವ್ವದ ಕಥೆಯ ಓಯಿವಾ ಮುಖ, ಪಕ್ಕದಲ್ಲಿ ಹ್ಯಾಲೋವೀನ್ ಕುಂಬಳಕಾಯಿ. ಮೂರನೆಯದು ಇನ್ನೊಂದು ಹಳೆಯ ಕಥೆಯ ದೆವ್ವ ಒಕಿಕು ಬರುವ ಬಾವಿ, ಪಕ್ಕದಲ್ಲಿ 'ಸೈಕೋ' (1960) ಸಿನಿಮಾದ ಬಾತ್‌ಟಬ್ಬಿನ ನೀರು ಹೋಗುವ ತೂತು. ನಾಲ್ಕನೆಯದು ಜಪಾನಿನ ಸಾಂಪ್ರದಾಯಿಕ ನೋ ನಾಟಕದ ಹನ್ಯಾ ಮುಖವಾಡ (ಹೊಟ್ಟೆಕಿಚ್ಚಿನಿಂದ ರಾಕ್ಷಸಿಯಾದ ಹೆಣ್ಣಿನದು), ಪಕ್ಕದಲ್ಲಿ 'ಹ್ಯಾಲೋವೀನ್' (1978) ಸಿನಿಮಾದ ಬಿಳಿ ಮುಖವಾಡ. ಐದನೆಯದು ಎರಡು ಮನೆಗಳು, ಜಪಾನಿನ 'ಜು-ಆನ್' ಸಿನಿಮಾದ ಮನೆ ಮತ್ತು 'ಸೈಕೋ'ದ ಗುಡ್ಡದ ಮೇಲಿನ ಮನೆ.

ಗೋಡೆಯ ಮೇಲೆ ಎಡಸಾಲಿಗೆ 'ಮೌನ', ಬಲಸಾಲಿಗೆ 'ರಕ್ತ' ಎಂದು ಬರೆಯುವ ಯೋಚನೆ ಇದೆ. ಕೆಂಪು ಬಣ್ಣ ಬಲಗಡೆ ಮಾತ್ರ ಬರುತ್ತದೆ.

ಜ್ಯೂರಿಯವರು "ಕೈಕೆಲಸ ಚೆನ್ನಾಗಿದೆ, ಆದರೆ ಹೋಲಿಕೆ ಮೇಲ್ಮೇಲಿನದು" ಅಂದರು, ಮುಂದಕ್ಕೆ ಹೋದರು. ಮೇಲ್ಮೇಲಿನದು ಅಂದರೆ ಎಲ್ಲಿ, ಯಾಕೆ ಅಂತ ಗೊತ್ತಾಗಬೇಕು ನನಗೆ. ಪ್ರದರ್ಶನಕ್ಕೆ ಇನ್ನೂ ಸಮಯ ಇದೆ, ಒಂದೆರಡು ಬ್ಲಾಕ್ ಹೊಸದಾಗಿ ಕೆತ್ತಬಹುದು. ದಯವಿಟ್ಟು ಸುಮ್ನೆ 'ಸೂಪರ್' ಅನ್ನಬೇಡಿ, ಬಿಡಿಸಿ ಹೇಳಿ.

ರಾತ್ರಿಆಟ

ಬಿಡಿಸಿಯೇ ಹೇಳುತ್ತೇನೆ. ನಿಮ್ಮ ಕೆತ್ತನೆಗಿಂತ ನಿಮ್ಮ ಎರಡು ಪದಗಳು ದುರ್ಬಲ. 'ಮೌನ' ಮತ್ತು 'ರಕ್ತ' ಎಲ್ಲರೂ ಹೇಳುವ ಮಾತು, ಜೊತೆಗೆ ಅದು ನಿಜವೂ ಅಲ್ಲ.

ರಕ್ತ ಅಮೆರಿಕದ್ದು ಅಂತೀರಾ? 1866-67ರಲ್ಲಿ ಯೊಶಿತೋಶಿ ಮತ್ತು ಯೊಶಿಇಕು ಎಂಬ ಜಪಾನಿ ಚಿತ್ರಕಾರರು ಸೇರಿ 28 ಮರದಚ್ಚು ಚಿತ್ರಗಳ ಒಂದು ಸರಣಿ ಮಾಡಿದರು, ಪೂರ್ತಿ ಕೊಲೆಗಳೇ. ರಕ್ತದ ಕೈಗುರುತುಗಳು, ಕತ್ತರಿಸಿದ ತಲೆಗಳು. ಅದನ್ನು ನೋಡಿದವರು ಜಪಾನ್ ಅಂದರೆ ಮೌನ ಅನ್ನಲು ಸಾಧ್ಯವೇ ಇಲ್ಲ. ಇನ್ನು ಮೌನ ಜಪಾನಿನದ್ದೇನಾ? 1942ರ 'ಕ್ಯಾಟ್ ಪೀಪಲ್' ನೋಡಿ. ಒಬ್ಬಳು ರಾತ್ರಿ ಒಬ್ಬಳೇ ಈಜುಕೊಳದಲ್ಲಿದ್ದಾಳೆ, ಗೋಡೆಯ ಮೇಲೆ ನೀರಿನ ಬೆಳಕು ಆಡುತ್ತಿದೆ, ಒಂದು ನೆರಳು, ಒಂದು ಗುರುಗುಡುವ ಶಬ್ದ. ಅಷ್ಟೇ. ಪ್ರಾಣಿ ಕಾಣುವುದೇ ಇಲ್ಲ. 1974ರ 'ಟೆಕ್ಸಸ್ ಚೈನ್‌ಸಾ' ಸಿನಿಮಾ ಕೂಡ, ಹೆಸರು ಕೇಳಿದರೆ ರಕ್ತದ ಹೊಳೆ ಅನ್ನಿಸುತ್ತದೆ, ಪರದೆಯ ಮೇಲೆ ಕಾಣುವ ರಕ್ತ ತುಂಬಾ ಕಡಿಮೆ.

ಇನ್ನೊಂದು ಮಾತು. 'ಸೈಕೋ' ಕಪ್ಪು ಬಿಳುಪು ಸಿನಿಮಾ. ಒಬ್ಬಳು ಸ್ನಾನ ಮಾಡುವಾಗ ಕೊಲೆಯಾಗುವ ಆ ದೃಶ್ಯದಲ್ಲಿ ರಕ್ತಕ್ಕೆ ಬಳಸಿದ್ದು ಚಾಕೊಲೇಟ್ ಸಿರಪ್, ಕಪ್ಪಗೆ ಚೆನ್ನಾಗಿ ಕಾಣುತ್ತದೆ ಅಂತ. ಅದಕ್ಕೆ ನೀವು ಕೆಂಪು ಹಚ್ಚಿದ್ದೀರಿ. ನಿಮ್ಮ ಹತ್ತು ಚಿತ್ರಗಳಲ್ಲಿ ಕೆಂಪು ಎಲ್ಲಿಗೂ ಬೇಡದ ಜಾಗ ಅಂದರೆ ಅದೇ.

ಆದರೆ ಮೂರನೇ ಜೋಡಿಯ ಯೋಚನೆ ನನಗೆ ತುಂಬಾ ಇಷ್ಟ ಆಯಿತು. ಬಾವಿಯ ಬಾಯಿ, ಟಬ್ಬಿನ ತೂತು, ಎರಡೂ ದುಂಡಗೆ, ಎರಡರಲ್ಲೂ ನೀರು, ಎರಡರಲ್ಲೂ ಒಬ್ಬ ಹೆಣ್ಣು ಸತ್ತಿದ್ದಾಳೆ. ಅಲ್ಲಿ ನೀವು ಏನನ್ನೂ ವಿವರಿಸಬೇಕಾಗಿಲ್ಲ. ಕಣ್ಣೇ ಅರ್ಥ ಮಾಡಿಕೊಳ್ಳುತ್ತದೆ. ಮೊದಲನೇ ಜೋಡಿಯಲ್ಲಿ ಆ ಕೆಲಸ ಆಗಿಲ್ಲ. ಅಲ್ಲಿ ನೋಡುವವರು "ಓ ರಿಂಗ್" ಅಂತಾರೆ, ಹೆಸರು ಗುರುತಿಸಿದ ಖುಷಿಯಲ್ಲಿ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತಾರೆ.

ಮರದಚ್ಚು

ನಾನು ಪ್ರಿಂಟ್ ಕಡೆಯವನು, ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ಸದಾಕೋ ಕೂದಲು ಒಂದೇ ಕಪ್ಪು ಮುದ್ದೆಯಾಗಿದೆ. ರೋಲರ್‌ನಲ್ಲಿ ಇಂಕು ಜಾಸ್ತಿ ಆಗಿದ್ದೂ ಇರಬಹುದು, ಆದರೆ ಮುಖ್ಯ ಕಾರಣ ಕೆತ್ತನೆ. ಹಳೆಯ ಜಪಾನಿ ಮರದಚ್ಚುಗಳಲ್ಲಿ ಹಣೆಯ ಹತ್ತಿರದ ಕೂದಲಿನ ಗೆರೆಗಳನ್ನು ಕೆತ್ತುವುದು ಅತ್ಯಂತ ಕಷ್ಟದ ಕೆಲಸ, ಅನುಭವಿ ಕೆತ್ತನೆಗಾರರಿಗೇ ಅದನ್ನು ಕೊಡುತ್ತಿದ್ದರು. ಒಂದೊಂದು ಎಳೆಯೂ ಉಬ್ಬಾಗಿ ಉಳಿಯಬೇಕು, ಎರಡೂ ಪಕ್ಕ ಕೆತ್ತಿ ತೆಗೆಯಬೇಕು. ಲಿನೋದಲ್ಲಿ ಅಷ್ಟು ಸಣ್ಣ ಎಳೆ ನಿಲ್ಲುವುದಿಲ್ಲ, ಮುರಿಯುತ್ತದೆ. ಹಾಗಾಗಿ ನೀವು ಉಲ್ಟಾ ಮಾಡಿ. ಕಪ್ಪು ಮುದ್ದೆಯೇ ಇರಲಿ, ಅದರೊಳಗೆ ಸಣ್ಣ ವಿ ಟೂಲ್‌ನಿಂದ (ವಿ ಆಕಾರದ ಉಳಿ) ಬಿಳಿ ಎಳೆಗಳನ್ನು ಕೆತ್ತಿ. ಆಗ ಒದ್ದೆ ಕೂದಲಿನ ಹೊಳಪು ಬರುತ್ತದೆ.

ಇನ್ನು ಕಾಲು. ಓಯಿವಾ ಚಿತ್ರದಲ್ಲಿ ಕೆಳಗೆ ನೆಟ್ಟಗೆ ಗೆರೆ ಹಾಕಿ ಕತ್ತರಿಸಿದ್ದೀರಿ. ಜಪಾನಿ ದೆವ್ವಕ್ಕೆ ಕಾಲಿಲ್ಲ ಅಂತ ನಿಮಗೆ ಗೊತ್ತಿದೆ, ಸರಿ. 18ನೇ ಶತಮಾನದ ಮರುಯಾಮಾ ಓಕ್ಯೋ ಎಂಬ ಚಿತ್ರಕಾರನ ಹೆಸರು ಆ ರೂಪದ ಜೊತೆ ಸೇರಿಕೊಂಡಿದೆ. ಆದರೆ ಆ ಚಿತ್ರಗಳಲ್ಲಿ ಕಾಲು ಕತ್ತರಿಸಿ ಹೋಗಿರುವುದಿಲ್ಲ, ಮಸುಕಾಗುತ್ತಾ ಮಸುಕಾಗುತ್ತಾ ಕಾಗದದಲ್ಲಿ ಕರಗಿ ಹೋಗಿರುತ್ತದೆ. ನೋಡುವವರಿಗೆ ದೆವ್ವ ಎಲ್ಲಿ ಮುಗಿಯಿತು, ಖಾಲಿ ಕಾಗದ ಎಲ್ಲಿ ಶುರುವಾಯಿತು ಎಂದು ಹೇಳಲು ಆಗುವುದಿಲ್ಲ. ಅದೇ ಭಯ.

ಮರದ ಬ್ಲಾಕಿನಲ್ಲಿ ನೀರುಬಣ್ಣ ಹಚ್ಚಿ ಬ್ರಶ್ಶಿನಿಂದ ತೇಲಿಸಿ ಆ ಮಸುಕು ತರುತ್ತಾರೆ, ಅದಕ್ಕೆ ಬೊಕಾಶಿ ಅಂತಾರೆ. ಲಿನೋ ನೀರು ಹೀರುವುದಿಲ್ಲ, ಅದೇ ರೀತಿ ಬರುವುದಿಲ್ಲ. ನೀವು ಎಣ್ಣೆ ಇಂಕನ್ನೇ ರೋಲರ್‌ನಲ್ಲಿ ಹಚ್ಚಿ, ಪ್ರೆಸ್‌ಗೆ ಹಾಕುವ ಮೊದಲು ಕೆಳಭಾಗವನ್ನು ಹತ್ತಿಬಟ್ಟೆಯಿಂದ ಸ್ವಲ್ಪ ಸ್ವಲ್ಪವೇ ಒರೆಸಿ. ಪ್ರತಿ ಪ್ರಿಂಟೂ ಸ್ವಲ್ಪ ಬೇರೆ ಬರುತ್ತದೆ, ಬರಲಿ ಬಿಡಿ, ದೆವ್ವಕ್ಕೆ ಅದು ಒಪ್ಪುತ್ತದೆ.

ಮುಖವಾಡಗಳ ಜೋಡಿ ಮಾತ್ರ ಮುಟ್ಟಬೇಡಿ. ಅದು ಆಗಿದೆ.

ಪುಟತಿರುಗು

ರಾತ್ರಿಆಟ ಅವರ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ಪದಗಳು ಹೋಗಲಿ, ಆದರೆ ವ್ಯತ್ಯಾಸವೇ ಇಲ್ಲ ಅನ್ನುವ ಹಾಗೆ ಮಾತಾಡಬೇಡಿ. ಓಯಿವಾ ಯಾಕೆ ದೆವ್ವ ಆದಳು? ಗಂಡ ಬೇರೆ ಮದುವೆ ಆಗಲು ಹೊರಟ, ಪಕ್ಕದ ಮನೆಯವರು ಔಷಧಿ ಅಂತ ವಿಷ ಕಳಿಸಿದರು, ಮುಖ ಕೆಟ್ಟುಹೋಯಿತು. ಒಕಿಕು ತಟ್ಟೆ ಕಳೆದಳು ಎಂಬ ಆರೋಪಕ್ಕೆ ಸತ್ತಳು, ಬಾವಿಯಿಂದ ಬಂದು ಒಂಬತ್ತರವರೆಗೆ ಎಣಿಸುತ್ತಾಳೆ, ಹತ್ತನೆಯದು ಸಿಗುವುದಿಲ್ಲ. ಇವರಿಗೆಲ್ಲ ಅನ್ಯಾಯ ಆಗಿದೆ. 'ಹ್ಯಾಲೋವೀನ್' ಸಿನಿಮಾದವನಿಗೆ ಏನಾಗಿತ್ತು? ಏನೂ ಇಲ್ಲ. ಆರು ವರ್ಷದ ಹುಡುಗ ಅಕ್ಕನನ್ನು ಕೊಂದ, ಕಾರಣವೇ ಇಲ್ಲ. ಆ ಸಿನಿಮಾ ಹೆದರಿಸುವುದೇ ಕಾರಣ ಇಲ್ಲ ಅನ್ನುವುದರಿಂದ. ಈ ವ್ಯತ್ಯಾಸವನ್ನು ಹಿಡಿದರೆ ಸರಣಿಗೆ ಗಟ್ಟಿ ಬೆನ್ನು ಸಿಗುತ್ತದೆ ಅಲ್ವಾ?

ರಾತ್ರಿಆಟ

ಓಯಿವಾ ಮಟ್ಟಿಗೆ ಸರಿ. ಆದರೆ 'ಜು-ಆನ್' ಮನೆಯ ಕಯಾಕೋ ಯಾರನ್ನು ಕೊಲ್ಲುತ್ತಾಳೆ? ಗಂಡ ಅವಳನ್ನು ಕೊಂದ, ಅದು ಅನ್ಯಾಯವೇ. ಅವಳು ಹಿಡಿಯುವುದು ಮಾತ್ರ ಆ ಮನೆಗೆ ಕಾಲಿಟ್ಟ ಎಲ್ಲರನ್ನೂ, ಸಹಾಯ ಮಾಡಲು ಬಂದ ಹುಡುಗಿಯನ್ನೂ. ಅಮೆರಿಕದಲ್ಲೂ ಅನ್ಯಾಯದಿಂದ ಹುಟ್ಟಿದ ದೆವ್ವ ಇದೆ. 1992ರ 'ಕ್ಯಾಂಡಿಮ್ಯಾನ್' ಪೂರ್ತಿ ಅದೇ, ಬಿಳಿಯ ಹುಡುಗಿಯನ್ನು ಪ್ರೀತಿಸಿದ್ದಕ್ಕೆ ಜನ ಸೇರಿ ಕೊಂದ ಕಪ್ಪು ಚಿತ್ರಕಾರ. ಎರಡು ದೇಶಗಳ ನಡುವೆ ಗೋಡೆ ಕಟ್ಟಲು ಹೋದರೆ ಪ್ರತಿ ಸಲ ಯಾವುದೋ ಒಂದು ದೆವ್ವ ಆ ಗೋಡೆ ದಾಟಿ ಬರುತ್ತದೆ. ಹಾಗಾಗಿ ಮಸಿಕುಡಿಕೆ, ನೀವು ಗೋಡೆಯ ಬದಲು ಆ ದಾಟುವುದನ್ನೇ ಕೆತ್ತಿ.

ದಾಟಿದ್ದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಜಪಾನಿನ ರಹಸ್ಯ ಕಥೆಗಳ ದೊಡ್ಡ ಲೇಖಕ ಎಡೋಗಾವಾ ರಾಂಪೋ ತನ್ನ ಲೇಖನನಾಮವನ್ನು ಅಮೆರಿಕದ ಲೇಖಕ ಎಡ್ಗರ್ ಆಲನ್ ಪೋ ಹೆಸರಿನಿಂದ ಮಾಡಿಕೊಂಡ. ಜಪಾನಿನ ಹಾರರ್ ಕಾಮಿಕ್ಸ್ (ಮಾಂಗಾ) ಬರೆಯುವ ಜುಂಜಿ ಇತೋ, ಅಮೆರಿಕದ ಹಾರರ್ ಕಥೆಗಾರ ಲವ್‌ಕ್ರಾಫ್ಟ್‌ನ ಪ್ರಭಾವ ತನ್ನ ಮೇಲಿದೆ ಎಂದು ಹೇಳಿಕೊಂಡಿದ್ದಾರೆ. 'ಜು-ಆನ್' ನಿರ್ದೇಶಕ ತಕಾಶಿ ಶಿಮಿಝು ಅವರೇ 2004ರಲ್ಲಿ ಅಮೆರಿಕದ 'ದಿ ಗ್ರಡ್ಜ್' ಮಾಡಿದರು, ಅದೂ ಟೋಕಿಯೋದಲ್ಲೇ, ಅಮೆರಿಕದ ನಟಿಯನ್ನು ಇಟ್ಟುಕೊಂಡು. ಅದು ಯಾವ ಸಾಲಿಗೆ ಸೇರುತ್ತದೆ, ಎಡಕ್ಕಾ ಬಲಕ್ಕಾ?

ಟೋಕಿಯೋಕನ್ನಡತಿ

ನಾನು ಟೋಕಿಯೋಗೆ ಕೆಲಸಕ್ಕೆ ಬಂದು ನೆಲೆಸಿದವಳು. ಲಾಟೀನಿನ ಜೋಡಿ ನೋಡಿ ಬರೆಯಬೇಕು ಅನ್ನಿಸಿತು.

ನಿಮ್ಮ ಲಾಟೀನು ಮತ್ತು ಕುಂಬಳಕಾಯಿ ಬರೀ ಆಕಾರದ ಹೋಲಿಕೆ ಅಲ್ಲ ಕಣಮ್ಮಾ, ಅದರ ಹಿಂದೆ ದೊಡ್ಡ ವಿಷಯ ಇದೆ, ಅದನ್ನು ನೀವು ಬಳಸಿಲ್ಲ. ಇಲ್ಲಿ ದೆವ್ವದ ಕಾಲ ಬೇಸಿಗೆ. ಓಬೋನ್ ಹಬ್ಬದಲ್ಲಿ, ಹೆಚ್ಚಿನ ಕಡೆ ಆಗಸ್ಟ್ ಮಧ್ಯದಲ್ಲಿ, ಸತ್ತ ಹಿರಿಯರು ಮನೆಗೆ ಬರುತ್ತಾರೆ. ಅವರಿಗೆ ದಾರಿ ಕಾಣಲಿ ಅಂತ ದೀಪ ಇಡುತ್ತಾರೆ. ಓಯಿವಾ ಕಥೆಯ ಕಬುಕಿ ನಾಟಕ 'ತೋಕೈದೋ ಯೊತ್ಸುಯಾ ಕೈದಾನ್' 1825ರ ಬೇಸಿಗೆಯಲ್ಲೇ ಎಡೋದಲ್ಲಿ (ಟೋಕಿಯೋದ ಹಳೆಯ ಹೆಸರು) ಮೊದಲ ಸಲ ಆಡಿದ್ದು. ಮರದಚ್ಚು ಚಿತ್ರಕಾರ ಹೊಕುಸಾಯ್ ಆಮೇಲೆ, 1831ರ ಸುಮಾರಿಗೆ, ಲಾಟೀನನ್ನೇ ಓಯಿವಾ ಮುಖ ಮಾಡಿ ಅಚ್ಚು ಹಾಕಿದ. ಅಂದರೆ ಹಿರಿಯರನ್ನು ಕರೆಯಲು ಇಟ್ಟ ದೀಪದೊಳಗಿಂದ ಕರೆಯದೇ ಇರುವವಳು ಬಂದಳು. ಅಮೆರಿಕದ ಹ್ಯಾಲೋವೀನ್ ಕೂಡ ಸತ್ತವರು ಓಡಾಡುವ ರಾತ್ರಿ ಎಂಬ ಹಳೆಯ ನಂಬಿಕೆಯಿಂದ ಬಂದದ್ದು, ಐರಿಷ್ ವಲಸಿಗರ ಜೊತೆ ಅಲ್ಲಿಗೆ ಹೋಯಿತು. ಎರಡೂ ದೀಪಗಳ ಕೆಲಸ ಸತ್ತವರಿಗೇ ಸಂಬಂಧಿಸಿದ್ದು. ಒಂದು ಬನ್ನಿ ಅನ್ನುತ್ತದೆ, ಇನ್ನೊಂದು ಹತ್ತಿರ ಬರಬೇಡಿ ಅನ್ನುತ್ತದೆ. ನಿಮ್ಮ ಕೆಂಪು ಬಣ್ಣ ಅಲ್ಲಿ ಬರಲಿ, ಎರಡೂ ದೀಪಗಳ ಒಳಗೆ. ರಕ್ತಕ್ಕೆ ಬೇಡ.

ಟೋಕಿಯೋದ ಯಾನಾಕಾದಲ್ಲಿ ಝೆನ್‌ಶೋ-ಆನ್ ಎಂಬ ದೇವಸ್ಥಾನ ಇದೆ. ಸನ್‌ಯೂತೇಯ್ ಎನ್ಚೋ ಅಂತ 19ನೇ ಶತಮಾನದ ದೊಡ್ಡ ಕಥೆಗಾರ, ದೆವ್ವದ ಕಥೆಗಳನ್ನು ವೇದಿಕೆ ಮೇಲೆ ಕೂತು ಹೇಳುತ್ತಿದ್ದವರು. ಅವರ ಸಂಗ್ರಹದ ದೆವ್ವದ ಚಿತ್ರಸುರುಳಿಗಳನ್ನು ಪ್ರತಿ ಆಗಸ್ಟ್‌ನಲ್ಲಿ ಅಲ್ಲಿ ತೂಗುಹಾಕುತ್ತಾರೆ. ಹೊರಗೆ ಬೆವರು ಸುರಿಯುವ ಸೆಕೆ, ಒಳಗೆ ಸಾಲಾಗಿ ದೆವ್ವಗಳು. ನನಗೆ ಅಲ್ಲಿ ಅನ್ನಿಸಿದ್ದು, ಹೆಚ್ಚಿನ ಮುಖಗಳಲ್ಲಿ ಕೋಪಕ್ಕಿಂತ ದಣಿವು ಕಾಣುತ್ತದೆ. ನಿಮ್ಮ ಓಯಿವಾ ಹಲ್ಲು ಕಿರಿಯುತ್ತಿದ್ದಾಳೆ. ಅವಳನ್ನು ಒಂದು ಸಲ ದಣಿದ ಹೆಂಗಸಾಗಿ ಬರೆದು ನೋಡಿ.

ಊರಬಾಗಿಲು

ಇಷ್ಟೆಲ್ಲ ಜಪಾನ್, ಅಮೆರಿಕ ಯಾಕೆ? ನಮ್ಮ ಮೋಹಿನಿ, ನಮ್ಮ ಕೊಳ್ಳಿದೆವ್ವ ಇಲ್ವಾ? ಕನ್ನಡದ ವಿದ್ಯಾರ್ಥಿ ನಮ್ಮದನ್ನು ಮಾಡಬೇಕಿತ್ತು.

ಮಸಿಕುಡಿಕೆ

ಊರಬಾಗಿಲು ಅವರೇ, ನಮ್ಮ ದೆವ್ವಗಳ ಬಗ್ಗೆ ಬೇರೆಯೇ ಕೆಲಸ ಮಾಡುವಷ್ಟು ಪ್ರೀತಿ ನನಗಿದೆ. ಈ ಸರಣಿಯೊಳಗೆ ಅವುಗಳನ್ನು ಮೂರನೆಯ ಸಾಲಾಗಿ ತುರುಕಿದರೆ ಅವುಗಳಿಗೇ ಅನ್ಯಾಯ. ನಾನು ಈ ವಿಷಯ ತಗೊಂಡಿದ್ದು ಯಾಕೆಂದರೆ ಈ ಎರಡು ದೇಶಗಳ ಹಾರರ್ ನೋಡಿಕೊಂಡೇ ನಾನು ಚಿತ್ರ ಬರೆಯಲು ಕಲಿತದ್ದು. ಅದಕ್ಕೆ ನಾನು ಏನಾದರೂ ಒಳ್ಳೆಯದನ್ನು ವಾಪಸ್ ಕೊಡಬೇಕು.

ರಾತ್ರಿಆಟ ಅವರ 'ದಾಟುವುದು' ಅನ್ನುವ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಈಗ ನೋಡಿದರೆ ನನ್ನ ಮೊದಲ ಮತ್ತು ಮೂರನೇ ಜೋಡಿ ಒಂದೇ ಕಥೆ. ಒಕಿಕು ಬಾವಿಯಿಂದ ಬಂದಳು, ಸದಾಕೋ ಬಾವಿಯಿಂದ ಬಂದಳು, ಸಮಾರಾ ಕೂಡ ಬಾವಿಯಿಂದಲೇ. ಬಾವಿಯೇ ಸಮುದ್ರ ದಾಟಿ ಹೋಗಿದೆ. ಹಾಗಾದರೆ ಟಿವಿ ದೃಶ್ಯ ತೆಗೆದು, ಮೂರು ಬಾವಿಗಳನ್ನು ಮೇಲಿನಿಂದ ನೋಡಿದ ಹಾಗೆ ಮಾಡಿ, ನಾಲ್ಕನೆಯದಾಗಿ ಆ ಟಬ್ಬಿನ ತೂತು ಇಟ್ಟರೆ ಹೇಗೆ? ಮುಖವೇ ಇಲ್ಲ, ನಾಲ್ಕು ಕಪ್ಪು ವೃತ್ತ ಮಾತ್ರ.

ಎರಡು ಮನೆಗಳ ಜೋಡಿ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದು ಹೇಗಿದೆ?

ಬಿಳಿಗೋಡೆ

ನಾಲ್ಕು ವೃತ್ತ ಖಂಡಿತ ಮಾಡಿ. ಒಕಿಕು ಬಾವಿಗೆ ಬೇಕಾದರೆ ಹಿಮೇಜಿ ಕೋಟೆಯ ಬಾವಿಯ ಫೋಟೋ ನೋಡಿ, ಅವಳ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ.

ನಾನು ಗ್ಯಾಲರಿಗಳಲ್ಲಿ ಚಿತ್ರ ತೂಗುಹಾಕುವ ಕೆಲಸ ಮಾಡುತ್ತೇನೆ. ನಿಮ್ಮ ಎಡ ಬಲ ಹಂಚಿಕೆ ಬಗ್ಗೆ ಹೇಳಬೇಕು. ಜೋಡಿ ಜೋಡಿಯಾಗಿ ಹಾಕಿದರೆ ಜನ ಕ್ರಿಕೆಟ್ ಮ್ಯಾಚ್ ನೋಡಿದ ಹಾಗೆ ಯಾರು ಗೆದ್ದರು ಅಂತ ನೋಡುತ್ತಾರೆ. ಜಪಾನಿನ ಚಿತ್ರಸುರುಳಿಗಳನ್ನು ಬಲದಿಂದ ಎಡಕ್ಕೆ ಬಿಚ್ಚುತ್ತಾ ಓದುತ್ತಾರೆ, ಮಾಂಗಾ ಕೂಡ ಹಾಗೇ. ಅಮೆರಿಕದ ಕಾಮಿಕ್ಸ್ ಎಡದಿಂದ ಬಲಕ್ಕೆ. ಹತ್ತೂ ಚಿತ್ರಗಳನ್ನು ಒಂದೇ ಉದ್ದ ಸಾಲಿನಲ್ಲಿ ಹಾಕಿ. ಬಲತುದಿಯಿಂದ ಜಪಾನಿನ ಅತಿ ಹಳೆಯದು ಶುರುವಾಗಲಿ, ಎಡತುದಿಯಿಂದ ಅಮೆರಿಕದ ಅತಿ ಹಳೆಯದು. ಎರಡೂ ನಡುವೆ ಬಂದು ಸೇರಲಿ. ಬಾವಿಗಳು ಆ ನಡುವಿನ ಜಾಗಕ್ಕೆ ಬರುತ್ತವೆ. ನೋಡುವವರು ಯಾವ ಕಡೆಯಿಂದ ಬಂದರೂ ಅಲ್ಲೇ ನಿಲ್ಲಬೇಕು.

ಇನ್ನೊಂದು ವಿಷಯ, ಪ್ರದರ್ಶನ ನಡೆಯುವುದು ನಮ್ಮ ಊರಿನಲ್ಲಿ. ಬಿಳಿ ಬಟ್ಟೆ, ಬಿಚ್ಚಿದ ಕೂದಲು ನೋಡಿದ ತಕ್ಷಣ ನಮ್ಮ ಜನ ಮೋಹಿನಿ ಅಂದುಕೊಳ್ಳುತ್ತಾರೆ, ನಮ್ಮ ಸಿನಿಮಾಗಳೂ ಹಾಗೇ ತೋರಿಸಿವೆ. ಜಪಾನಿನ ಆ ಬಿಳಿ, ಹೆಣಕ್ಕೆ ಉಡಿಸುವ ಬಟ್ಟೆ. ನಮ್ಮಲ್ಲಿ ದೆವ್ವದ ಪಾದ ಹಿಂದುಮುಂದು, ಅವರಲ್ಲಿ ಪಾದವೇ ಇಲ್ಲ. ಮರದಚ್ಚು ಹೇಳಿದ ಆ ಕರಗುವ ಕಾಲು ಸರಿಯಾಗಿ ಬಂದರೆ ಇಲ್ಲಿಯ ಜನ ಬೇಗ ಗಮನಿಸುತ್ತಾರೆ, ಅವರ ಕಣ್ಣು ಮೊದಲು ಹೋಗುವುದೇ ಪಾದಕ್ಕೆ.

ಮನೆಗಳ ಜೋಡಿ ನನಗೆ ಹಿಡಿಸಲಿಲ್ಲ. ಎರಡೂ ಚೆನ್ನಾಗಿ ಬರೆದ ಮನೆಗಳು, ಅಷ್ಟೇ.

ರಾತ್ರಿಆಟ

ಮನೆಗಳ ಜೋಡಿ ತೆಗೆದುಬಿಡಿ, ಅದರ ಜಾಗಕ್ಕೆ 1954 ತನ್ನಿ. ಇದು ನನಗೆ ನಿಜಕ್ಕೂ ಮುಖ್ಯ ಅನ್ನಿಸುತ್ತದೆ, ಸ್ವಲ್ಪ ಉದ್ದ ಬರೆಯುತ್ತೇನೆ.

1954ರ ಮಾರ್ಚ್ 1ಕ್ಕೆ ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ದೂರದಲ್ಲಿ ಜಪಾನಿನ ಒಂದು ಮೀನುಗಾರಿಕೆ ದೋಣಿ ಇತ್ತು, ಹೆಸರು 'ದೈಗೋ ಫುಕುರ್ಯೂ ಮಾರು'. 23 ಜನರ ಮೇಲೆ ಬಿಳಿ ಬೂದಿ ಬಿತ್ತು. ಅವರ ರೇಡಿಯೋ ಆಪರೇಟರ್ ಆ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ನವೆಂಬರ್ 3ಕ್ಕೆ 'ಗೊಜಿರಾ' (ಗಾಡ್ಜಿಲ್ಲಾ ಸಿನಿಮಾ) ಬಿಡುಗಡೆ ಆಯಿತು, ಅದು ಶುರುವಾಗುವುದೇ ಸಮುದ್ರದಲ್ಲಿ ಬೆಳಕು ಮಿಂಚಿ ಒಂದು ಹಡಗು ಉರಿಯುವುದರಿಂದ. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದಲ್ಲಿ 'ದೆಮ್!' ಬಂತು, ನ್ಯೂ ಮೆಕ್ಸಿಕೋ ಮರುಭೂಮಿಯ ಅಣು ಪರೀಕ್ಷೆಯಿಂದ ದೈತ್ಯ ಇರುವೆಗಳು ಹುಟ್ಟುತ್ತವೆ. ಎರಡಕ್ಕೂ ಬಾಂಬೇ ಕಾರಣ, ಒಂದೇ ವರ್ಷ. ಅಲ್ಲಿ ಸೈನ್ಯ ಲಾಸ್ ಏಂಜಲೀಸ್‌ನ ಮಳೆನೀರಿನ ಸುರಂಗಗಳಲ್ಲಿ ಬೆಂಕಿ ಉಗುಳಿ ಇರುವೆಗಳನ್ನು ಸುಡುತ್ತದೆ. ಇಲ್ಲಿ ಗೊಜಿರಾವನ್ನು ಕೊಲ್ಲುವ ಅಸ್ತ್ರ ಕಂಡುಹಿಡಿದ ವಿಜ್ಞಾನಿ, ಅದು ಇನ್ನೊಬ್ಬರ ಕೈಗೆ ಸಿಗಬಾರದು ಅಂತ ತಾನೂ ಅದರ ಜೊತೆ ಸಮುದ್ರದ ತಳದಲ್ಲಿ ಸಾಯುತ್ತಾನೆ.

ಆಮೇಲೆ 1956ರಲ್ಲಿ ಅಮೆರಿಕದವರು 'ಗೊಜಿರಾ'ವನ್ನು ಕತ್ತರಿಸಿ, ಒಬ್ಬ ಅಮೆರಿಕನ್ ಪತ್ರಕರ್ತನ ಪಾತ್ರವನ್ನು ಹೊಸದಾಗಿ ಚಿತ್ರೀಕರಿಸಿ ನಡುವೆ ಸೇರಿಸಿ ಬಿಡುಗಡೆ ಮಾಡಿದರು. ಬಾಂಬಿನ ಬಗ್ಗೆ ಇದ್ದ ಕಹಿ ಮಾತುಗಳು ಬಹಳಷ್ಟು ಹೋದವು. ನಿಮ್ಮ ಸರಣಿಯಲ್ಲಿ ಎರಡೂ ದೇಶ ಇವೆ, ಆದರೆ ಅವುಗಳ ನಡುವೆ ಏನು ನಡೆದಿತ್ತು ಎಂಬುದು ಎಲ್ಲೂ ಇಲ್ಲ. ಜ್ಯೂರಿಯವರಿಗೆ ಮೇಲ್ಮೇಲಿನದು ಅನ್ನಿಸಿದ್ದು ಇದಕ್ಕೇ ಇರಬೇಕು.

ಟೋಕಿಯೋಕನ್ನಡತಿ

ಆ ದೋಣಿ ಈಗಲೂ ಇದೆ. ಟೋಕಿಯೋದ ಯುಮೆನೋಶಿಮಾದಲ್ಲಿ ಒಂದು ಸಭಾಂಗಣದೊಳಗೆ ಇಟ್ಟಿದ್ದಾರೆ, ಮರದ ದೋಣಿ. ನೀವು ಗೊಜಿರಾ ಬರೆಯುವ ಬದಲು ಆ ದೋಣಿ ಬರೆಯಿರಿ ಅಂತ ನನ್ನ ಸಲಹೆ. ಗೊಜಿರಾ ಟೀ ಶರ್ಟ್ ಮೇಲೂ ಸಿಗುತ್ತದೆ.

ಪುಟತಿರುಗು

ದೋಣಿ ಮತ್ತು ಮರುಭೂಮಿಯಲ್ಲಿ ಒಂದು ಇರುವೆ ಗೂಡು. ಎರಡರಲ್ಲೂ ದೈತ್ಯ ಕಾಣುವುದು ಬೇಡ. ನಾನು ಮೊದಲು ಹೇಳಿದ ಕಾರಣದ ಮಾತು ಇಲ್ಲಿಗೂ ಹೊಂದುತ್ತದೆ, ಇಲ್ಲಿ ಎರಡೂ ಕಡೆ ಕಾರಣ ಒಂದೇ. ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಮಸಿಕುಡಿಕೆ

ಇದನ್ನೆಲ್ಲ ಓದಿ ರಾತ್ರಿ ಕೂತು ಹೊಸ ಕ್ರಮ ಬರೆದುಕೊಂಡೆ. ಗೋಡೆಯ ಮೇಲಿನ ಎರಡು ಪದ ಹೋದವು. ಬಲತುದಿಯಿಂದ ಓಯಿವಾ ಲಾಟೀನು, ಹನ್ಯಾ, ದೋಣಿ. ಎಡತುದಿಯಿಂದ ಕುಂಬಳಕಾಯಿ, ಬಿಳಿ ಮುಖವಾಡ, ಇರುವೆ ಗೂಡು. ನಡುವೆ ನಾಲ್ಕು ವೃತ್ತ. ಒಟ್ಟು ಹತ್ತೇ ಆಗುತ್ತದೆ. ಪೂರ್ತಿ ಕಾಲಕ್ರಮ ಅಲ್ಲ, ಮುಖವಾಡ 1978ರದ್ದು, ಆದರೆ ದೋಣಿ ಮತ್ತು ಗೂಡು ಬಾವಿಗಳಿಗೆ ಅಂಟಿಕೊಂಡೇ ಇರಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತಿದೆ, ಹಾಗೇ ಇಡುತ್ತೇನೆ. ಕೆಂಪು ಎರಡು ದೀಪಗಳಲ್ಲಿ ಮಾತ್ರ, ಅಂದರೆ ಸಾಲಿನ ಎರಡೂ ತುದಿಯಲ್ಲಿ.

ಮುಖವಾಡ ಮುಟ್ಟುವುದಿಲ್ಲ. ಹನ್ಯಾ ಸ್ವಲ್ಪ ಬಾಗಿದರೆ ಅಳುವ ಹಾಗೆ ಕಾಣುತ್ತದೆ, ಎತ್ತಿದರೆ ಸಿಟ್ಟು. ಆ ಇನ್ನೊಂದು ಮುಖವಾಡ ಅಂಗಡಿಯಲ್ಲಿ ಸಿಕ್ಕ 'ಸ್ಟಾರ್ ಟ್ರೆಕ್'ನ ಕ್ಯಾಪ್ಟನ್ ಕರ್ಕ್ ಮುಖವಾಡಕ್ಕೆ ಬಿಳಿ ಬಣ್ಣ ಹೊಡೆದದ್ದು, ಹೇಗೆ ತಿರುಗಿಸಿದರೂ ಏನೂ ಕಾಣುವುದಿಲ್ಲ. ಅವು ಅಕ್ಕಪಕ್ಕ ಇಲ್ಲದೆ ದೂರ ದೂರ ಹೋಗುತ್ತವೆ ಅನ್ನುವುದು ಒಂದೇ ಬೇಸರ.

ಮರದಚ್ಚು ಸರ್, ನಾಲ್ಕು ವೃತ್ತದ ಕಪ್ಪು ಒಂದೇ ಥರ ಬಂದರೆ ಸಪ್ಪೆ ಆಗುತ್ತದಾ?

ಮರದಚ್ಚು

ಆಗುತ್ತದೆ. ಒಕಿಕು ಬಾವಿಯ ಕಪ್ಪಿಗೆ ಸ್ವಲ್ಪ ನೀಲಿ ಇಂಕು ಬೆರೆಸಿ, ಟಬ್ಬಿನ ತೂತಿಗೆ ಬರೀ ಕಪ್ಪು, ನಡುವಿನ ಎರಡಕ್ಕೆ ಅದರ ಮಧ್ಯದ ಹದ. ಅಷ್ಟು ದೊಡ್ಡ ಕಪ್ಪು ಜಾಗಕ್ಕೆ ಇಂಕು ತೆಳ್ಳಗೆ ಎರಡು ಸಲ ಹಚ್ಚಿ ಎರಡು ಸಲ ಒತ್ತಬೇಕು, ಒಂದೇ ಸಲ ದಪ್ಪ ಹಚ್ಚಿದರೆ ಅಂಚು ತುಂಬಿಹೋಗುತ್ತದೆ. ಎರಡನೇ ಸಲ ಕಾಗದ ಅದೇ ಜಾಗಕ್ಕೆ ಕೂರಲು ಮೂಲೆಯಲ್ಲಿ ಗುರುತು ಮಾಡಿಕೊಳ್ಳಿ. ಬೇಸಿನ್ ನೀರಿನಲ್ಲಿ ನೆನೆಸಿದ ಕಾಗದ ಹಿಗ್ಗುತ್ತದೆ, ಹಾಗಾಗಿ ಒಣ ಕಾಗದವೇ ಇರಲಿ. ಮೊದಲು ಟಬ್ಬಿನ ತೂತಿನ ಪ್ರೂಫ್ (ಪರೀಕ್ಷೆಯ ಅಚ್ಚು) ತೆಗೆದು ಇಲ್ಲಿ ಹಾಕಿ, ನೋಡೋಣ.